ಬೀಳದೇ ಉಳಿದ 21 ಬೀಗ: ನಾರ್ಥಾಂಪ್ಟನ್‌ಶೈರ್ ಗ್ರಂಥಾಲಯಗಳ ಪ್ರಕರಣ

2018ರ ಫೆಬ್ರವರಿ 2ರಂದು ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಕೌಂಟಿ ಕೌನ್ಸಿಲ್ (ಜಿಲ್ಲಾ ಮಟ್ಟದ ಚುನಾಯಿತ ಸ್ಥಳೀಯ ಸಂಸ್ಥೆ) ತಾನು ದಿವಾಳಿಯ ಅಂಚಿಗೆ ಬಂದಿರುವುದನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಒಪ್ಪಿಕೊಳ್ಳುವುದಕ್ಕೂ ಅಲ್ಲಿ ಒಂದು ಕಾನೂನಿದೆ. 1988ರ ಸ್ಥಳೀಯಾಡಳಿತ ಹಣಕಾಸು ಕಾಯ್ದೆಯ 114ನೇ ಸೆಕ್ಷನ್ ಪ್ರಕಾರ, ವರ್ಷದ ಖರ್ಚು ಆದಾಯವನ್ನು ಮೀರಲಿದೆ ಎಂದು ಕಂಡರೆ ಹಣಕಾಸು ಅಧಿಕಾರಿ ನೋಟಿಸ್ ಹೊರಡಿಸಲೇಬೇಕು. ನೋಟಿಸ್ ಹೊರಟ ಕ್ಷಣದಿಂದ ಹೊಸ ಖರ್ಚು ಬಂದ್. ಕಾನೂನು ಕಡ್ಡಾಯ ಮಾಡಿರುವ ಸೇವೆಗಳು ಮಾತ್ರ ನಡೆಯುತ್ತವೆ. ಸುಮಾರು ಎರಡು ದಶಕಗಳಲ್ಲಿ ಯಾವ ಕೌನ್ಸಿಲ್ಲೂ ಈ ಗತಿಗೆ ಬಂದಿರಲಿಲ್ಲ.

ಅದೇ ತಿಂಗಳ ಕೊನೆಗೆ ಕೌನ್ಸಿಲ್ ತನ್ನ 36 ಸಾರ್ವಜನಿಕ ಗ್ರಂಥಾಲಯಗಳಲ್ಲಿ 21ನ್ನು ಮುಚ್ಚಲು ನಿರ್ಧರಿಸಿತು. ಆಗಸ್ಟ್ 14ರಂದು ಹೈಕೋರ್ಟ್ ಆ ನಿರ್ಧಾರವನ್ನು ಕಾನೂನುಬಾಹಿರ ಎಂದು ಘೋಷಿಸಿತು. ಆರು ತಿಂಗಳೊಳಗೆ ಮುಗಿದ ಕಥೆ.

ಇಂಟರ್ನೆಟ್ ಇರುವಾಗ ಗ್ರಂಥಾಲಯ ಬೇಕೇ ಎಂಬ ಚರ್ಚೆಗೆ ಈ ಪ್ರಕರಣವನ್ನೇ ಆರಿಸಿಕೊಳ್ಳಲು ಕಾರಣವಿದೆ. ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಪುಸ್ತಕಪ್ರೇಮಿಗಳು ಕೇಳಿಕೊಂಡು ತಾವೇ ಉತ್ತರಿಸಿಕೊಳ್ಳುತ್ತಾರೆ. ಉತ್ತರ ಏನು ಬಂದರೂ ಯಾರಿಗೂ ನಷ್ಟವಿಲ್ಲ. ನಾರ್ಥಾಂಪ್ಟನ್‌ಶೈರ್‌ನಲ್ಲಿ ಹಾಗಿರಲಿಲ್ಲ. ಖಜಾನೆ ನಿಜವಾಗಿಯೂ ಖಾಲಿಯಾಗಿತ್ತು, ಒಂದು ಗ್ರಂಥಾಲಯ ಉಳಿಸಿದರೆ ಇನ್ನೆಲ್ಲೋ ವೃದ್ಧರ ಆರೈಕೆಯ ಹಣಕ್ಕೆ ಕತ್ತರಿ ಬೀಳುವ ಸ್ಥಿತಿ. ಅಂಥ ಹೊತ್ತಿನಲ್ಲಿ ಗ್ರಂಥಾಲಯದ ಪರ ಏನು ಹೇಳಲು ಸಾಧ್ಯ ಎಂಬುದೇ ಅಸಲಿ ಪರೀಕ್ಷೆ.

ಖಜಾನೆ ಖಾಲಿಯಾದ ಬಗೆ

ಏಳು ಲಕ್ಷಕ್ಕೂ ಹೆಚ್ಚು ಜನರಿರುವ ಈ ಕೌಂಟಿ ಬಡ ಪ್ರದೇಶವೇನಲ್ಲ. ಕೇಂದ್ರ ಸರ್ಕಾರ 2010ರಿಂದ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ಕಡಿತಗೊಳಿಸುತ್ತ ಬಂದದ್ದು ನಿಜ. ಆದರೆ ಆ ಕಡಿತ ಎಲ್ಲ ಕೌಂಟಿಗಳಿಗೂ ಬಿದ್ದಿತ್ತು. ಇಲ್ಲಿನ ಕೌನ್ಸಿಲ್ ಹಲವು ವರ್ಷ ತೆರಿಗೆ ಏರಿಸದೆ ಜನಪ್ರಿಯತೆ ಉಳಿಸಿಕೊಂಡಿತ್ತು. ತನ್ನ ಸೇವೆಗಳನ್ನು ಒಂದೊಂದಾಗಿ ಹೊಸ ಸಂಸ್ಥೆಗಳಿಗೆ ವರ್ಗಾಯಿಸುವ ದೊಡ್ಡ ಯೋಜನೆಯ ಬೆನ್ನು ಹತ್ತಿತ್ತು. ಗ್ರಂಥಾಲಯಗಳೂ ಹಾಗೆಯೇ 'ಫಸ್ಟ್ ಫಾರ್ ವೆಲ್‌ಬೀಯಿಂಗ್' ಎಂಬ ಸಂಸ್ಥೆಯ ಪಾಲಿಗೆ ಹೋಗಿದ್ದವು. ಈ ನಡುವೆ 5.3 ಕೋಟಿ ಪೌಂಡ್ ಸುರಿದು 'ಒನ್ ಏಂಜಲ್ ಸ್ಕ್ವೇರ್' ಎಂಬ ಹೊಸ ಕೇಂದ್ರ ಕಚೇರಿ ಕಟ್ಟಿಸಿ 2017ರಲ್ಲಿ ಉದ್ಘಾಟಿಸಿತು. ಮರುವರ್ಷದ ಏಪ್ರಿಲ್‌ನಲ್ಲಿ ಅದನ್ನೇ 6.4 ಕೋಟಿಗೆ ಮಾರಿ, ಅಲ್ಲೇ ಬಾಡಿಗೆಗೆ ಕುಳಿತಿತು.

ಸರ್ಕಾರ ನೇಮಿಸಿದ ತನಿಖಾಧಿಕಾರಿ ಮ್ಯಾಕ್ಸ್ ಕಾಲರ್ ಮಾರ್ಚ್‌ನಲ್ಲಿ ಕೊಟ್ಟ ವರದಿ ಮೃದುವಾಗಿರಲಿಲ್ಲ. ಅನುದಾನ ಕಡಿತವನ್ನೇ ದೂರಿ ಕೈತೊಳೆದುಕೊಳ್ಳುವಂತಿಲ್ಲ, ಆಡಳಿತವೇ ಕೆಟ್ಟಿದೆ, ಈ ಕೌನ್ಸಿಲ್ಲನ್ನು ರದ್ದುಪಡಿಸಿ ಎರಡು ಹೊಸ ಸಂಸ್ಥೆಗಳನ್ನು ಮಾಡಿ ಎಂಬುದು ಅದರ ಸಾರ.

ಈ ಹಿನ್ನೆಲೆ ಹೇಳಲೇಬೇಕಿತ್ತು. ಗ್ರಂಥಾಲಯ ಮುಚ್ಚುವ ಪ್ರಸ್ತಾಪದ ಮೂಲ ಎಲ್ಲಿತ್ತು ಎಂಬುದು ಇದರಲ್ಲೇ ಇದೆ. ಜನ ಇಂಟರ್ನೆಟ್ಟಿಗೆ ಹೋದರು, ಗ್ರಂಥಾಲಯ ಬಣಗುಟ್ಟಿತು, ಆದ್ದರಿಂದ ಮುಚ್ಚುತ್ತೇವೆ ಎಂಬ ಸರಪಳಿ ಇಲ್ಲಿ ನಡೆದೇ ಇಲ್ಲ. ಮೊದಲು ಕಿಸೆ ಹರಿಯಿತು, ಆಮೇಲೆ ಎಲ್ಲಿ ಕೊಯ್ದರೆ ಸದ್ದು ಕಡಿಮೆ ಎಂದು ಹುಡುಕಲಾಯಿತು. 'ಈಗ ಯಾರು ಲೈಬ್ರರಿಗೆ ಹೋಗ್ತಾರೆ, ಎಲ್ಲ ಫೋನಲ್ಲೇ ಇದೆಯಲ್ಲ' ಎಂಬ ಮಾತಿನ ನಿಜವಾದ ಉಪಯೋಗ ಇರುವುದು ಇಂಥ ಕಡೆ. ಅದು ಮುಚ್ಚಲು ಕಾರಣವಾಗುವುದಕ್ಕಿಂತ, ಮುಚ್ಚುವುದನ್ನು ಸಹಜ ಎನ್ನಿಸುವ ಹಿನ್ನೆಲೆ ಸಂಗೀತವಾಗಿ ಕೆಲಸ ಮಾಡುತ್ತದೆ. 2010ರಿಂದ 2019ರ ನಡುವೆ ಬ್ರಿಟನ್ನಿನಲ್ಲಿ ಸುಮಾರು 800 ಗ್ರಂಥಾಲಯಗಳು ಮುಚ್ಚಿದವು. ಹೆಚ್ಚಿನವು ಕೋರ್ಟಿನ ಮೆಟ್ಟಿಲು ಹತ್ತದೆ, ಸದ್ದಿಲ್ಲದೆ ಹೋದವು.

ಕಾನೂನಿನ ನೆಲೆ

ಬ್ರಿಟನ್ನಿನಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಕಾನೂನಿನ ಬೇರು ಹಳೆಯದು. 1850ರಲ್ಲಿ ವಿಲಿಯಂ ಎವಾರ್ಟ್ ಎಂಬ ಸಂಸದ ಮುಂದಿಟ್ಟ ಕಾಯ್ದೆ ಹತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳಿಗೆ ಗ್ರಂಥಾಲಯಕ್ಕಾಗಿ ತೆರಿಗೆ ಹಾಕುವ ಅಧಿಕಾರ ಕೊಟ್ಟಿತು. ಪೌಂಡಿಗೆ ಅರ್ಧ ಪೆನ್ನಿ. ಆ ಹಣದಲ್ಲಿ ಕಟ್ಟಡ ಕಟ್ಟಬಹುದಿತ್ತು, ಸಿಬ್ಬಂದಿಗೆ ಸಂಬಳ ಕೊಡಬಹುದಿತ್ತು, ಪುಸ್ತಕ ಮಾತ್ರ ಕೊಳ್ಳುವಂತಿರಲಿಲ್ಲ! ಪುಸ್ತಕ ದಾನಿಗಳಿಂದ ಬರಲಿ ಎಂಬ ಲೆಕ್ಕಾಚಾರ. 1855ರಲ್ಲಿ ಅದು ಸರಿಹೋಯಿತು, ತೆರಿಗೆಯೂ ಒಂದು ಪೆನ್ನಿಗೆ ಏರಿತು.

ನಮ್ಮ ಪ್ರಕರಣಕ್ಕೆ ಮುಖ್ಯವಾದದ್ದು 1964ರ ಸಾರ್ವಜನಿಕ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ ಕಾಯ್ದೆ. ಅದರ 7ನೇ ಸೆಕ್ಷನ್, ಬಳಸಬಯಸುವ ಎಲ್ಲರಿಗೂ 'ಸಮಗ್ರ ಮತ್ತು ದಕ್ಷ' ಗ್ರಂಥಾಲಯ ಸೇವೆ ಕೊಡುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎನ್ನುತ್ತದೆ. ಎಷ್ಟು ಮೈಲಿಗೆ ಒಂದು ಗ್ರಂಥಾಲಯ, ಎಷ್ಟು ತಾಸು ತೆರೆದಿರಬೇಕು, ಎಷ್ಟು ಪುಸ್ತಕ ಇರಬೇಕು ಎಂಬ ಅಳತೆ ಅದರಲ್ಲಿಲ್ಲ. 10ನೇ ಸೆಕ್ಷನ್ ಪ್ರಕಾರ, ಕರ್ತವ್ಯ ತಪ್ಪಿದ ಕೌನ್ಸಿಲ್ ವಿರುದ್ಧ ಸಚಿವರು ವಿಚಾರಣೆ ನಡೆಸಬಹುದು. ಸಚಿವರಿಗೆ ಈ ಅಧಿಕಾರ ಬಳಸುವ ಉತ್ಸಾಹ ಅಪರೂಪ. 2009ರಲ್ಲಿ ವಿರಲ್ ಎಂಬ ಕೌನ್ಸಿಲ್ ತನ್ನ 24 ಗ್ರಂಥಾಲಯಗಳಲ್ಲಿ 11ನ್ನು ಮುಚ್ಚಹೊರಟಾಗ ಅದು ನಡೆಯಿತು. ಸೂ ಚಾರ್ಟರಿಸ್ ಅವರ ವಿಚಾರಣಾ ವರದಿ ಪ್ರಕಟವಾಗುವ ಮೊದಲೇ ಕೌನ್ಸಿಲ್ ಹಿಂದೆ ಸರಿಯಿತು. ನಂತರ ಹೊರಬಂದ ವರದಿಯ ಮುಖ್ಯ ಆರೋಪ ಒಂದೇ: ಸ್ಥಳೀಯ ಜನರಿಗೆ ಏನು ಬೇಕು ಎಂದು ಅಂದಾಜು ಮಾಡದೆಯೇ ಕಟ್ಟಡಗಳನ್ನು ಪಟ್ಟಿ ಮಾಡಿದ್ದೀರಿ.

ಅಂದರೆ ಒಂಬತ್ತು ವರ್ಷ ಮೊದಲೇ ಪಾಠ ಲಿಖಿತವಾಗಿತ್ತು. ನಾರ್ಥಾಂಪ್ಟನ್‌ಶೈರ್ ಅದನ್ನು ಓದಿದಂತೆ ಕಾಣುವುದಿಲ್ಲ.

ಆ 21 ಕಟ್ಟಡಗಳ ಒಳಗೆ

ಪಟ್ಟಿಯಲ್ಲಿದ್ದದ್ದು ಡೆಸ್‌ಬರೋ, ಅರ್ಲ್ಸ್ ಬಾರ್ಟನ್, ಲಾಂಗ್ ಬಕ್ಬಿಯಂಥ ಸಣ್ಣ ಪಟ್ಟಣ, ಹಳ್ಳಿಗಳ ಗ್ರಂಥಾಲಯಗಳು. ನಾರ್ಥಾಂಪ್ಟನ್ ನಗರದ ಕೇಂದ್ರ ಗ್ರಂಥಾಲಯದಂಥ ದೊಡ್ಡವುಗಳಿಗೆ ಅಪಾಯವಿರಲಿಲ್ಲ. ಆ ಕೇಂದ್ರ ಗ್ರಂಥಾಲಯದಲ್ಲಿ ಇದೇ ಸೀಮೆಯ ರೈತಕವಿ ಜಾನ್ ಕ್ಲೇರ್‌ನ ಹಸ್ತಪ್ರತಿಗಳ ಸಂಗ್ರಹವಿದೆ. ಗ್ರಂಥಾಲಯ ಉಳಿಸಿ ಎನ್ನುವವರು ಸಾಮಾನ್ಯವಾಗಿ ಇಂಥ ಸಂಪತ್ತನ್ನೇ ತೋರಿಸುತ್ತಾರೆ. ಮುಚ್ಚಲಿದ್ದ 21ರಲ್ಲಿ ತೋರಿಸಲು ಅಂಥದ್ದೇನೂ ಇರಲಿಲ್ಲ. ಅಲ್ಲಿ ಇದ್ದದ್ದು ಮಕ್ಕಳ ಕಥೆಪುಸ್ತಕ, ಪತ್ತೇದಾರಿ ಕಾದಂಬರಿ, ದೊಡ್ಡಕ್ಷರದ ಪುಸ್ತಕ, ನಾಲ್ಕಾರು ಕಂಪ್ಯೂಟರು, ಒಂದು ಪ್ರಿಂಟರು, ಬಿಸಿಯಾದ ಕೋಣೆ, ಮತ್ತು ಮೇಜಿನ ಹಿಂದೆ ಒಬ್ಬ ಮನುಷ್ಯ.

ಇಲ್ಲಿ ಎದುರು ಪಕ್ಷಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡೋಣ. ಗ್ರಂಥಾಲಯದ ಕೆಲವು ಕೆಲಸಗಳನ್ನು ಇಂಟರ್ನೆಟ್ ಪೂರ್ತಿ ಕಿತ್ತುಕೊಂಡಿದೆ, ಅದು ಒಳ್ಳೆಯದೇ ಆಗಿದೆ. ಒಂದು ದೇಶದ ರಾಜಧಾನಿ, ಒಂದು ಗಾದೆಯ ಮೂಲ, ರೈಲಿನ ವೇಳೆ, ಹಳೆಯ ಕಾಯ್ದೆಯ ಪಠ್ಯ ಹುಡುಕಲು ಇಂದು ಯಾರೂ ಪರಾಮರ್ಶನ ವಿಭಾಗಕ್ಕೆ ಹೋಗಬೇಕಿಲ್ಲ. ಸಂಪುಟ ಸಂಪುಟ ವಿಶ್ವಕೋಶಗಳ ಕಪಾಟು ಅಲಂಕಾರವಾಗಿ ಉಳಿದಿದೆ. ಮನೆಗೆ ಒಯ್ಯುವ ಪುಸ್ತಕಗಳ ಸಂಖ್ಯೆಯೂ ಬ್ರಿಟನ್ನಿನಲ್ಲಿ ವರ್ಷದಿಂದ ವರ್ಷಕ್ಕೆ ಇಳಿದಿದೆ. ಗ್ರಂಥಾಲಯವೆಂದರೆ ಮಾಹಿತಿಯ ಗೋದಾಮು ಎಂದಷ್ಟೇ ತಿಳಿದರೆ ವಾದ ಅಲ್ಲಿಗೇ ಮುಗಿಯಿತು, ಇಂಟರ್ನೆಟ್ ಗೆದ್ದಿದೆ.

ಆದರೆ ಇಂಟರ್ನೆಟ್ ಇನ್ನೊಂದು ಕೆಲಸವನ್ನೂ ಮಾಡಿದೆ, ಅದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಅದು ಬೇರೆ ಕಚೇರಿಗಳ ಕೌಂಟರುಗಳನ್ನು ಮುಚ್ಚಿಸಿದೆ. ಬ್ಯಾಂಕಿನ ಶಾಖೆ, ತೆರಿಗೆ ಇಲಾಖೆಯ ವಿಚಾರಣಾ ಕಿಟಕಿ, ಉದ್ಯೋಗ ಕಚೇರಿಯ ಅರ್ಜಿ ನಮೂನೆ ಎಲ್ಲವೂ ಪರದೆಯ ಹಿಂದೆ ಹೋದವು. ಪರದೆ ತನ್ನದಾಗಿರುವವನಿಗೆ ಇದು ಸುಖ. ಪರದೆ ಇಲ್ಲದವನು, ಇದ್ದೂ ಬಳಸಲು ಬಾರದವನು ಎಲ್ಲಿಗೆ ಹೋಗಬೇಕು? ಬಾಗಿಲು ತೆರೆದಿರುವ, ಯಾಕೆ ಬಂದಿರಿ ಎಂದು ಕೇಳದ, ದುಡ್ಡು ಕೇಳದ ಒಂದೇ ಸರ್ಕಾರಿ ಕಟ್ಟಡಕ್ಕೆ.

ಬ್ರಿಟನ್ನಿನ 'ಯೂನಿವರ್ಸಲ್ ಕ್ರೆಡಿಟ್' ಇದಕ್ಕೆ ಒಳ್ಳೆಯ ಉದಾಹರಣೆ. ನಿರುದ್ಯೋಗ ಭತ್ಯೆ, ಬಾಡಿಗೆ ನೆರವು ಮೊದಲಾದ ಆರು ಹಳೆಯ ಸೌಲಭ್ಯಗಳನ್ನು ಒಂದುಗೂಡಿಸಿ 2013ರಿಂದ ಜಾರಿಗೆ ತಂದ ಯೋಜನೆ ಇದು. ನಮ್ಮ ಪ್ರಕರಣದ ಕಾಲಕ್ಕೆ ದೇಶದುದ್ದಕ್ಕೂ ಹರಡುತ್ತಿತ್ತು. ಇದರ ವಿನ್ಯಾಸವೇ 'ಡಿಜಿಟಲ್ ಬೈ ಡೀಫಾಲ್ಟ್': ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕು.

ಕೆಲಸ ಕಳೆದುಕೊಂಡ ಐವತ್ತೈದರ ಒಬ್ಬ ಕಾರ್ಮಿಕ ಈ ಅರ್ಜಿಯ ಮುಂದೆ ಕೂರುವುದನ್ನು ಊಹಿಸಿಕೊಳ್ಳಿ. ಮೊದಲು ಇಮೇಲ್ ವಿಳಾಸ ಬೇಕು. ಅವನಿಗೆ ಇಲ್ಲ, ಹಾಗಾಗಿ ಮೊದಲು ಅದನ್ನು ತೆರೆಯಬೇಕು, ಪಾಸ್‌ವರ್ಡ್ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಫೋನಿಗೆ ಬರುವ ಕೋಡನ್ನು ನಿಮಿಷಗಳೊಳಗೆ ಒತ್ತಬೇಕು. ಬ್ಯಾಂಕ್ ಖಾತೆ, ಬಾಡಿಗೆ, ಉಳಿತಾಯ, ಮನೆಯಲ್ಲಿರುವವರ ವಿವರ ತುಂಬಬೇಕು. ಮಧ್ಯೆ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅವನ ಸರದಿ ಮುಗಿಯಿತೆಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತದೆ. ಸಮಯ ವಿಸ್ತರಿಸಿಕೊಡಲು ಮೇಜಿನ ಹಿಂದಿನವರನ್ನು ಕರೆಯಬೇಕು. ಆಮೇಲೆ ತಾನು ತಾನೇ ಎಂದು ಸಾಬೀತುಪಡಿಸಬೇಕು. ಇದಕ್ಕಾಗಿ ಸರ್ಕಾರ ಕಟ್ಟಿದ 'ವೆರಿಫೈ' ಎಂಬ ವ್ಯವಸ್ಥೆಯನ್ನು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರಲ್ಲಿ ಪರಿಶೀಲಿಸಿತು. ಅದರ ಮೂಲಕ ಗುರುತು ದೃಢಪಡಿಸಲು ಯತ್ನಿಸಿದ ಯೂನಿವರ್ಸಲ್ ಕ್ರೆಡಿಟ್ ಅರ್ಜಿದಾರರಲ್ಲಿ ಯಶಸ್ವಿಯಾದವರು ಶೇ 38 ಮಾತ್ರ.

ಅರ್ಜಿ ಹೋದರೂ ಮುಗಿಯಲಿಲ್ಲ. ಮೊದಲ ಹಣ ಬರಲು ಐದು ವಾರ. ಅಷ್ಟರಲ್ಲೂ, ಅದರ ನಂತರವೂ, ಆನ್‌ಲೈನ್ 'ಜರ್ನಲ್' ತೆರೆದು ಅಧಿಕಾರಿಯ ಸಂದೇಶ ನೋಡುತ್ತಿರಬೇಕು, ಕೆಲಸ ಹುಡುಕಿದ ವಿವರ ಬರೆಯುತ್ತಿರಬೇಕು. ಹೇಳಿದ್ದನ್ನು ಮಾಡದಿದ್ದರೆ ಭತ್ಯೆ ಕಡಿತ. ಒಂದು ಸಲದ ಅರ್ಜಿ ಹೀಗೆ ಗ್ರಂಥಾಲಯಕ್ಕೆ ಕಾಯಂ ಓಡಾಟವಾಗುತ್ತದೆ. ಊರಿನ ಗ್ರಂಥಾಲಯ ಮುಚ್ಚಿದರೆ ಇವನು ಬಸ್ಸು ಹತ್ತಿ ಮುಂದಿನ ಪಟ್ಟಣಕ್ಕೆ ಹೋಗಬೇಕು. ಬಸ್ಸಿನ ದುಡ್ಡಿಗೆ ಭತ್ಯೆ ಬರಬೇಕು, ಭತ್ಯೆಗೆ ಗ್ರಂಥಾಲಯ ಬೇಕು.

ಈ ಮನುಷ್ಯ ಪುಸ್ತಕ ಮುಟ್ಟಿಲ್ಲ. ಎರವಲಿನ ಅಂಕಿಅಂಶದಲ್ಲಿ ಅವನಿಲ್ಲ. 'ಗ್ರಂಥಾಲಯದ ಬಳಕೆ ಇಳಿದಿದೆ' ಎಂಬ ಕೋಷ್ಟಕ ಹಿಡಿದು ಕೌನ್ಸಿಲ್ ಸಭೆಯಲ್ಲಿ ಕುಳಿತವರಿಗೆ ಅವನು ಕಾಣುವುದೇ ಇಲ್ಲ.

ಅವನ ಮುಂದಿರುವ ಕಂಪ್ಯೂಟರು ಅಲ್ಲಿಗೆ ಹೇಗೆ ಬಂತು ಎಂಬುದೂ ನೆನಪಿಡುವಂಥದ್ದು. 2000ದ ಆಸುಪಾಸಿನಲ್ಲಿ ಲಾಟರಿ ನಿಧಿಯ ಸುಮಾರು 10 ಕೋಟಿ ಪೌಂಡ್ ಬಳಸಿ 'ಪೀಪಲ್ಸ್ ನೆಟ್‌ವರ್ಕ್' ಎಂಬ ಯೋಜನೆ ನಡೆಯಿತು. 2002ರ ಅಂತ್ಯದೊಳಗೆ ದೇಶದ 4,000ಕ್ಕೂ ಹೆಚ್ಚು ಗ್ರಂಥಾಲಯಗಳಿಗೆ ಇಂಟರ್ನೆಟ್ ಬಂತು. ಜನಸಾಮಾನ್ಯರಿಗೆ ಇಂಟರ್ನೆಟ್ ತಲುಪಿಸಲು ಆ ಸರ್ಕಾರ ಆಯ್ದುಕೊಂಡ ದಾರಿಯೇ ಗ್ರಂಥಾಲಯವಾಗಿತ್ತು. ಹದಿನೈದು ವರ್ಷದ ನಂತರ ಅದೇ ಇಂಟರ್ನೆಟ್ಟನ್ನು ಗ್ರಂಥಾಲಯದ ವಿರುದ್ಧ ಸಾಕ್ಷಿಯಾಗಿ ಕರೆಯಲಾಯಿತು.

ಮಗುವೊಂದು ಕೋರ್ಟಿಗೆ

ನಾರ್ಥಾಂಪ್ಟನ್‌ಶೈರ್ ಗ್ರಂಥಾಲಯಗಳಲ್ಲಿ ಇನ್ನೊಂದು ಬಾಡಿಗೆದಾರ ಸೇರಿಕೊಂಡಿತ್ತು: ಶಿಶು ಕೇಂದ್ರ. 'ಶುವರ್ ಸ್ಟಾರ್ಟ್' ಹೆಸರಿನಲ್ಲಿ 1990ರ ದಶಕದ ಕೊನೆಗೆ ಆರಂಭವಾದ ಈ ಕೇಂದ್ರಗಳು ಐದು ವರ್ಷದೊಳಗಿನ ಮಕ್ಕಳಿಗೂ ಅವರ ತಂದೆತಾಯಿಗೂ ಒಂದೇ ಕಡೆ ನೆರವು ಕೊಡಲು ಹುಟ್ಟಿದವು. ಪ್ರತ್ಯೇಕ ಕಟ್ಟಡಗಳಿಗೆ ಹಣ ಸಾಲದಾದಾಗ ಕೌನ್ಸಿಲ್ ಅವುಗಳ ಸೇವೆಯನ್ನು ಗ್ರಂಥಾಲಯಗಳೊಳಗೆ ತಂದಿತು. ಕೂಸುಗಳಿಗೆ ಪ್ರಾಸಗೀತೆ ಹಾಡಿಸುವ ತಾಸು, ಹೊಸ ತಾಯಂದಿರು ಕೂತು ಮಾತಾಡುವ ಮೂಲೆ, ಆರೋಗ್ಯ ಸಲಹೆ ಎಲ್ಲವೂ ಪುಸ್ತಕದ ಕಪಾಟುಗಳ ನಡುವೆಯೇ. ಉಳಿತಾಯದ ದೃಷ್ಟಿಯಿಂದ ಜಾಣ ನಡೆಯೇ. ಆದರೆ ಉಳಿತಾಯಕ್ಕೆಂದು ಒಂದು ಸೂರಿನಡಿ ತಂದ ಮೇಲೆ ಮತ್ತೆ ಉಳಿತಾಯಕ್ಕೆಂದು ಆ ಸೂರನ್ನೇ ತೆಗೆದರೆ ಎರಡೂ ಹೋಗುತ್ತವೆ.

ಈ ಎಳೆಯೇ ಕೌನ್ಸಿಲ್ಲಿನ ಕಾಲಿಗೆ ತೊಡರಿತು. ಪುಟ್ಟ ಮಗುವೊಂದು ತಾಯಿಯ ಮೂಲಕ ಅರ್ಜಿ ಹಾಕಿತು. ತೀರ್ಪಿನಲ್ಲಿ ಮಗುವಿನ ಹೆಸರಿಲ್ಲ, ಎರಡು ಅಕ್ಷರಗಳ ಗುರುತು ಮಾತ್ರ. ಇದು ಗ್ರಂಥಾಲಯಪ್ರೇಮದ ಭಾವುಕ ಅರ್ಜಿಯಾಗಿರಲಿಲ್ಲ, ಕಟ್ಟುನಿಟ್ಟಾದ ಆಡಳಿತ ಕಾನೂನಿನ ಪ್ರಶ್ನೆಯಾಗಿತ್ತು. 2006ರ ಶಿಶುಪಾಲನಾ ಕಾಯ್ದೆ, ಶಿಶು ಕೇಂದ್ರಗಳು ಸಾಕಷ್ಟು ಇರಬೇಕು, ಮುಚ್ಚುವ ಮುನ್ನ ಜನರನ್ನು ಕೇಳಬೇಕು ಎನ್ನುತ್ತದೆ. ಕೌನ್ಸಿಲ್ ಗ್ರಂಥಾಲಯಗಳ ಬಗ್ಗೆ ಜನಾಭಿಪ್ರಾಯ ಸಂಗ್ರಹಿಸಿದ್ದೇನೋ ಹೌದು. ಅವುಗಳೊಳಗಿನ ಶಿಶು ಸೇವೆಯ ಗತಿ ಏನು ಎಂಬುದನ್ನು ಕಾನೂನು ಕೇಳುವ ರೀತಿಯಲ್ಲಿ ನೋಡಿರಲಿಲ್ಲ.

ನ್ಯಾಯಮೂರ್ತಿ ಯಿಪ್ ಅವರ ತೀರ್ಪು ಎರಡು ಕಂಬಗಳ ಮೇಲೆ ನಿಂತಿದೆ. ಒಂದು ಈ ಶಿಶುಪಾಲನಾ ಕಾಯ್ದೆ. ಇನ್ನೊಂದು 1964ರ ಕಾಯ್ದೆ. ಉಳಿಯುವ 15 ಗ್ರಂಥಾಲಯಗಳಿಂದ ಸಮಗ್ರ, ದಕ್ಷ ಸೇವೆ ಸಾಧ್ಯವೇ ಎಂಬ ಪ್ರಶ್ನೆಯನ್ನು ನಿರ್ಧಾರ ಮಾಡಿದವರು ಸರಿಯಾಗಿ ತಮ್ಮ ಮುಂದಿಟ್ಟುಕೊಳ್ಳಲೇ ಇಲ್ಲ. ಕೌನ್ಸಿಲ್ಲಿನ ಹಣಕಾಸು ಎಷ್ಟು ಹದಗೆಟ್ಟಿದೆ ಎಂಬುದು ಕೋರ್ಟಿಗೆ ಚೆನ್ನಾಗಿ ಗೊತ್ತಿತ್ತು. ಜುಲೈನಲ್ಲಿ ಎರಡನೇ 114 ನೋಟಿಸ್ ಕೂಡ ಬಂದಿತ್ತು. ಆದರೂ ನಿರ್ಧಾರ ಬಿದ್ದುಹೋಯಿತು.

ನನ್ನ ಮಟ್ಟಿಗೆ ಈ ತೀರ್ಪಿನ ತೂಕವಿರುವುದು ಅದು ಹೇಳಿದ್ದಕ್ಕಿಂತ ಅದು ಬಯಲು ಮಾಡಿದ್ದರಲ್ಲಿ. ಗ್ರಂಥಾಲಯ ಇಂದಿಗೂ ಬೇಕೇ ಎಂದು ಇಷ್ಟು ಜನ ಚರ್ಚಿಸುತ್ತಿರುವಾಗ, ಅದನ್ನು ನಿಜವಾಗಿ ಮುಚ್ಚುವ ಮೇಜಿನ ಮೇಲೆ ಆ ಪ್ರಶ್ನೆ ಬಂದಿರಲೇ ಇಲ್ಲ. ಯಾರು ಬರುತ್ತಾರೆ, ಯಾಕೆ ಬರುತ್ತಾರೆ, ಬಾಗಿಲು ಹಾಕಿದರೆ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿದ್ದರೆ ಬಹುಶಃ ಕೆಲವನ್ನು ಕಾನೂನುಬದ್ಧವಾಗಿಯೇ ಮುಚ್ಚಬಹುದಿತ್ತು. ಕೇಳುವುದಕ್ಕೇ ಅಂಜಿದ್ದರು ಎಂದು ನನ್ನ ಗುಮಾನಿ. ಉತ್ತರ ಸಿಕ್ಕಿಬಿಟ್ಟರೆ ಮುಚ್ಚುವುದು ಕಷ್ಟ.

ಹಾಗೆಂದು ಕೋರ್ಟನ್ನು ಗ್ರಂಥಾಲಯಗಳ ಕಾವಲುಗಾರ ಎಂದು ಹಾಡಿಹೊಗಳಬೇಕಿಲ್ಲ. 2011ರಲ್ಲಿ ಲಂಡನ್ನಿನ ಬ್ರೆಂಟ್ ಕೌನ್ಸಿಲ್ ತನ್ನ 12ರಲ್ಲಿ ಆರು ಗ್ರಂಥಾಲಯ ಮುಚ್ಚಿದಾಗ ಜನ ಹೈಕೋರ್ಟಿಗೂ ಹೋದರು, ಮೇಲ್ಮನವಿ ನ್ಯಾಯಾಲಯಕ್ಕೂ ಹೋದರು, ಎರಡೂ ಕಡೆ ಸೋತರು. ಅದರಲ್ಲಿ 1900ರಲ್ಲಿ ಮಾರ್ಕ್ ಟ್ವೇನ್ ಉದ್ಘಾಟಿಸಿದ್ದ ಕೆನ್ಸಲ್ ರೈಸ್ ಗ್ರಂಥಾಲಯವೂ ಸೇರಿತ್ತು. ಬ್ರೆಂಟ್ ತನ್ನ ಕಾಗದಪತ್ರ ಸರಿಯಾಗಿ ಇಟ್ಟುಕೊಂಡಿತ್ತು, ಅಷ್ಟೇ ವ್ಯತ್ಯಾಸ. ಹಣದ ಕೊರತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಪ್ರತಿಯೊಬ್ಬನ ಮನೆ ಪಕ್ಕದಲ್ಲೂ ಗ್ರಂಥಾಲಯ ಇರಬೇಕೆಂದು ಕಾಯ್ದೆ ಹೇಳುವುದಿಲ್ಲ ಎಂಬುದು ಅಲ್ಲಿನ ಕೋರ್ಟುಗಳ ನಿಲುವು.

ಇ-ಪುಸ್ತಕ ಇದೆಯಲ್ಲ?

ಮುಚ್ಚುವ ಮಾತು ಬಂದಾಗಲೆಲ್ಲ ಬರುವ ಸಮಾಧಾನ ಇದು: ಕಟ್ಟಡ ಹೋದರೂ ಇ-ಪುಸ್ತಕದ ಸೇವೆ ಇರುತ್ತದೆ, ಮನೆಯಿಂದಲೇ ಎರವಲು ಪಡೆಯಿರಿ. ಕೇಳಲು ಹಿತವಾಗಿದೆ. ಆದರೆ ಒಂದು ಗ್ರಂಥಾಲಯಕ್ಕೆ ಕಾಗದದ ಪುಸ್ತಕಕ್ಕೂ ಇ-ಪುಸ್ತಕಕ್ಕೂ ಇರುವ ಸಂಬಂಧ ಒಂದೇ ಅಲ್ಲ. ಕಾಗದದ ಪ್ರತಿಯನ್ನು ಕೊಂಡರೆ ಅದು ಗ್ರಂಥಾಲಯದ್ದು. ಹಾಳೆ ಉದುರುವವರೆಗೆ ಕೊಡಬಹುದು, ಆಮೇಲೆ ರಟ್ಟು ಕಟ್ಟಿಸಿ ಮತ್ತೆ ಕೊಡಬಹುದು, ಪ್ರಕಾಶಕನನ್ನು ಕೇಳಬೇಕಿಲ್ಲ. ಇ-ಪುಸ್ತಕದಲ್ಲಿ ಗ್ರಂಥಾಲಯ ಕೊಳ್ಳುವುದು ಪರವಾನಗಿ. ಅದಕ್ಕೆ ಅವಧಿ ಇರುತ್ತದೆ ಅಥವಾ ಎಣಿಕೆ ಇರುತ್ತದೆ. ಹಾರ್ಪರ್‌ಕಾಲಿನ್ಸ್ ಪ್ರಕಾಶನ ಸಂಸ್ಥೆ 2011ರಲ್ಲಿ ಒಂದು ನಿಯಮ ತಂದಿತು: 26 ಬಾರಿ ಎರವಲು ಕೊಟ್ಟ ಮೇಲೆ ಪ್ರತಿ ಮಾಯ, ಬೇಕಿದ್ದರೆ ಮತ್ತೆ ಕೊಳ್ಳಿ. 2019ರ ನವೆಂಬರ್‌ನಲ್ಲಿ ಮ್ಯಾಕ್‌ಮಿಲನ್, ಹೊಸ ಪುಸ್ತಕ ಬಂದ ಮೊದಲ ಎಂಟು ವಾರ ಇಡೀ ಗ್ರಂಥಾಲಯ ವ್ಯವಸ್ಥೆಗೆ ಒಂದೇ ಒಂದು ಇ-ಪ್ರತಿ ಎಂದಿತು. ದೊಡ್ಡ ನಗರದ ಗ್ರಂಥಾಲಯಕ್ಕೂ ಒಂದೇ! ಅಮೆರಿಕದ ಗ್ರಂಥಾಲಯಗಳು ಸಿಡಿದೆದ್ದು ಬಹಿಷ್ಕಾರ ಹಾಕಿದವು, 2020ರ ಮಾರ್ಚ್‌ನಲ್ಲಿ ಕಂಪನಿ ಅದನ್ನು ಕೈಬಿಟ್ಟಿತು.

ಕಾಗದದ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಇರುವಷ್ಟೇ ಪ್ರತಿಗಳ ಲೆಕ್ಕದಲ್ಲಿ ಎರವಲು ಕೊಡೋಣ ಎಂದು ಇಂಟರ್ನೆಟ್ ಆರ್ಕೈವ್ ಎಂಬ ಅಮೆರಿಕದ ಡಿಜಿಟಲ್ ಗ್ರಂಥಾಲಯ ಪ್ರಯತ್ನಿಸಿತು. ಕೊರೊನಾ ಲಾಕ್‌ಡೌನ್ ಕಾಲದಲ್ಲಿ ಆ ಲೆಕ್ಕದ ಮಿತಿಯನ್ನೂ ತಾತ್ಕಾಲಿಕವಾಗಿ ತೆಗೆಯಿತು. 2020ರ ಜೂನ್‌ನಲ್ಲಿ ನಾಲ್ಕು ಪ್ರಕಾಶನ ಸಂಸ್ಥೆಗಳು ಮೊಕದ್ದಮೆ ಹೂಡಿದವು. 2023ರಲ್ಲಿ ಕೆಳ ನ್ಯಾಯಾಲಯದಲ್ಲೂ 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯಲ್ಲೂ ಆರ್ಕೈವ್ ಸೋತಿತು. ಇದರಲ್ಲಿ ಪ್ರಕಾಶಕರದ್ದೇ ತಪ್ಪು ಎನ್ನಲಾರೆ, ಲೇಖಕನೂ ಬದುಕಬೇಕು. ಬ್ರಿಟನ್ನಿನಲ್ಲಿ ದೂರದಿಂದ ಎರವಲು ಪಡೆಯುವ ಇ-ಪುಸ್ತಕಕ್ಕೂ ಲೇಖಕರಿಗೆ ಸರ್ಕಾರದ ಎರವಲು ಗೌರವಧನ ಸಿಗತೊಡಗಿದ್ದು 2018ರ ಜುಲೈನಿಂದಷ್ಟೇ, ಅಂದರೆ ನಮ್ಮ ತೀರ್ಪಿಗೆ ಆರು ವಾರ ಮೊದಲು. ನನ್ನ ಮಾತು ಇಷ್ಟೇ: 'ಎಲ್ಲ ಆನ್‌ಲೈನ್‌ನಲ್ಲಿದೆ' ಎನ್ನುವಾಗ ಯಾರ ಅನುಮತಿಯಿಂದ, ಎಷ್ಟು ದಿನ ಇದೆ ಎಂಬುದನ್ನೂ ಸೇರಿಸಿ ಹೇಳಬೇಕು.

ಮತ್ತೆ, ಆ ಐವತ್ತೈದರ ಕಾರ್ಮಿಕನಿಗೆ, ಪ್ರಾಸಗೀತೆ ಕೇಳಲು ಬಂದ ಕೂಸಿಗೆ ಇ-ಪುಸ್ತಕ ಸೇವೆಯಿಂದ ಆಗುವುದೇನೂ ಇಲ್ಲ.

ಅದೇ ವರ್ಷ, ಇನ್ನೊಂದು ದೇಶ

2018ರ ಡಿಸೆಂಬರ್ 5ರಂದು, ತನ್ನ ಸ್ವಾತಂತ್ರ್ಯ ದಿನದ ಮುನ್ನಾದಿನ, ಫಿನ್ಲೆಂಡ್ ಹೆಲ್ಸಿಂಕಿಯ ನಟ್ಟನಡುವೆ, ಸಂಸತ್ ಭವನಕ್ಕೆ ಎದುರಾಗಿ 'ಓಡಿ' ಎಂಬ ಹೊಸ ಗ್ರಂಥಾಲಯ ತೆರೆಯಿತು. ಖರ್ಚು 9.8 ಕೋಟಿ ಯೂರೋ. ಒಳಗೆ ಸುಮಾರು ಒಂದು ಲಕ್ಷ ಪುಸ್ತಕ, ಅಷ್ಟು ದೊಡ್ಡ ಕಟ್ಟಡಕ್ಕೆ ಇದು ಬಹಳವೇನಲ್ಲ. ಉಳಿದ ಜಾಗದಲ್ಲಿ ಹೊಲಿಗೆ ಯಂತ್ರ, 3ಡಿ ಪ್ರಿಂಟರ್, ಸಂಗೀತದ ಸ್ಟುಡಿಯೋ, ಸಿನಿಮಾ ಮಂದಿರ, ಸುಮ್ಮನೆ ಕೂರುವ ಜಾಗ. ಫಿನ್ಲೆಂಡ್ ಇಂಟರ್ನೆಟ್ ತಿಳಿಯದ ದೇಶವಲ್ಲ. 2010ರ ಜುಲೈನಲ್ಲಿ ಪ್ರತಿ ಪ್ರಜೆಗೂ ಬ್ರಾಡ್‌ಬ್ಯಾಂಡ್ ಸಂಪರ್ಕ ಕಾನೂನುಬದ್ಧ ಹಕ್ಕು ಎಂದು ಮಾಡಿದ ಮೊದಲ ದೇಶ ಅದು. ಇಂಟರ್ನೆಟ್ ಹೆಚ್ಚಾದಷ್ಟೂ ಗ್ರಂಥಾಲಯ ಬೇಡವಾಗುತ್ತದೆ ಎಂಬ ನಿಯಮ ಲೋಕದಲ್ಲಿ ಇದ್ದಿದ್ದರೆ ಮೊದಲು ಬಾಗಿಲು ಹಾಕಬೇಕಾದದ್ದು ಅವರು.

ಹೋಲಿಕೆ ಪೂರ್ತಿ ನ್ಯಾಯದ್ದಲ್ಲ ಎಂಬುದು ಗೊತ್ತು. ಅದು ರಾಜಧಾನಿಯ ಹೆಮ್ಮೆಯ ಕಟ್ಟಡ, ಇದು ದಿವಾಳಿಯ ಅಂಚಿನ ಒಂದು ಕೌಂಟಿ. ಲಾಂಗ್ ಬಕ್ಬಿಗೆ ಯಾರೂ 3ಡಿ ಪ್ರಿಂಟರ್ ಕೇಳಿರಲಿಲ್ಲ.

ತೀರ್ಪಿನ ನಂತರ

ತೀರ್ಪು ಬಂದ ದಿನ ಸಂಭ್ರಮ ಜೋರಾಗಿತ್ತು. ನಾರ್ಥಾಂಪ್ಟನ್‌ನವರೇ ಆದ ಕಾಮಿಕ್ಸ್ ಲೇಖಕ ಅಲನ್ ಮೂರ್ ಮೊದಲಾದವರ ಬೆಂಬಲದಿಂದ ಚಳವಳಿಗೆ ದೇಶದ ಗಮನ ಸಿಕ್ಕಿತ್ತು. ಆದರೆ ಕೋರ್ಟ್ ಹೇಳಿದ್ದು 'ಮುಚ್ಚಬೇಡಿ' ಎಂದಲ್ಲ, 'ಹೀಗೆ ಮುಚ್ಚುವಂತಿಲ್ಲ' ಎಂದು. ಚೆಂಡು ಮತ್ತೆ ಕೌನ್ಸಿಲ್ ಅಂಗಳಕ್ಕೇ ಬಂತು. ಆ ಹೊತ್ತಿಗೆ ಕೇಂದ್ರ ಸರ್ಕಾರ ನೇಮಿಸಿದ ಆಯುಕ್ತರು ಕೌನ್ಸಿಲ್ಲಿನ ಲೆಕ್ಕಪತ್ರದ ಮೇಲೆ ಕುಳಿತಿದ್ದರು. ಹೊಸದಾಗಿ ಪರಿಶೀಲಿಸಿದ ಮೇಲೆ ಕೌನ್ಸಿಲ್ ದೊಡ್ಡ ಗ್ರಂಥಾಲಯಗಳನ್ನು ತನ್ನ ಕೈಯಲ್ಲಿಟ್ಟುಕೊಂಡು, ಸಣ್ಣವುಗಳಲ್ಲಿ ಹಲವನ್ನು ಸ್ಥಳೀಯ ಸಮುದಾಯ ಗುಂಪುಗಳಿಗೆ ಒಪ್ಪಿಸುವ ದಾರಿ ಹಿಡಿಯಿತು. ಒಟ್ಟಿಗೆ 21 ಬೀಗ ಬೀಳುವುದು ತಪ್ಪಿತು.

ಇದನ್ನು ಗೆಲುವು ಎನ್ನಬೇಕೋ ಎಂಬುದರಲ್ಲಿ ನನಗೆ ಅರೆಮನಸ್ಸು. ಊರಿನವರೇ ಸೇರಿ ಗ್ರಂಥಾಲಯ ನಡೆಸುವುದು ದೊಡ್ಡ ಮಾತು, ಕೆಲವು ಕಡೆ ಕೌನ್ಸಿಲ್ಲಿಗಿಂತ ಚೆನ್ನಾಗಿಯೂ ನಡೆಸುತ್ತಾರೆ. ಕಥೆ ಓದುವ ತಾಸು, ಪುಸ್ತಕ ಕೊಡುವುದು, ಬಾಗಿಲು ತೆಗೆದಿಡುವುದಕ್ಕೆ ಸ್ವಯಂಸೇವಕರು ಸಾಲುತ್ತಾರೆ. ಭತ್ಯೆಯ ಅರ್ಜಿಯ ಮುಂದೆ ಕೂತವನ ವಿಷಯ ಬೇರೆ. ಅವನ ಬ್ಯಾಂಕ್ ಖಾತೆ, ಬಾಡಿಗೆ ಬಾಕಿ, ಕಾಯಿಲೆ ಎಲ್ಲವೂ ಆ ಪರದೆಯ ಮೇಲಿರುತ್ತದೆ. ಪಕ್ಕದಲ್ಲಿ ನಿಂತು ಸಹಾಯ ಮಾಡುವವರು ಅದೇ ಬೀದಿಯವರು. ತರಬೇತಿ ಪಡೆದ, ಗೌಪ್ಯತೆಯ ಹೊಣೆ ಹೊತ್ತ ಸಂಬಳದ ಸಿಬ್ಬಂದಿಗೆ ತೋರಿಸುವಷ್ಟು ಸುಲಭವಾಗಿ ನೆರೆಮನೆಯವರಿಗೆ ತನ್ನ ಬಡತನವನ್ನು ತೋರಿಸಲು ಎಷ್ಟು ಮಂದಿ ಸಿದ್ಧ? ನಿವೃತ್ತರು, ಸಮಯವಿರುವವರು ಹೆಚ್ಚಾಗಿರುವ ಊರಲ್ಲಿ ಸ್ವಯಂಸೇವಕರು ಸಿಗುತ್ತಾರೆ. ಎರಡು ಪಾಳಿ ದುಡಿಯುವವರ ಬಡಾವಣೆಯಲ್ಲಿ ಸಿಗುವುದಿಲ್ಲ, ಗ್ರಂಥಾಲಯ ಹೆಚ್ಚು ಬೇಕಿರುವುದು ಅಲ್ಲಿಯೇ.

2021ರ ಮಾರ್ಚ್ 31ಕ್ಕೆ ನಾರ್ಥಾಂಪ್ಟನ್‌ಶೈರ್ ಕೌಂಟಿ ಕೌನ್ಸಿಲ್ಲೇ ರದ್ದಾಯಿತು. ಮರುದಿನದಿಂದ ಉತ್ತರ ನಾರ್ಥಾಂಪ್ಟನ್‌ಶೈರ್, ಪಶ್ಚಿಮ ನಾರ್ಥಾಂಪ್ಟನ್‌ಶೈರ್ ಎಂಬ ಎರಡು ಹೊಸ ಸಂಸ್ಥೆಗಳು ಬಂದವು. ಗ್ರಂಥಾಲಯಗಳೂ 1964ರ ಕರ್ತವ್ಯವೂ ಅವುಗಳ ಪಾಲಿಗೆ ಹಂಚಿಕೆಯಾದವು. ಈ ಇಡೀ ಪ್ರಸಂಗದಲ್ಲಿ ಸಚಿವರು 10ನೇ ಸೆಕ್ಷನ್ನಿನ ವಿಚಾರಣೆ ನಡೆಸಲಿಲ್ಲ. ಕಾಯ್ದೆಯನ್ನು ನೆನಪಿಸುವ ಕೆಲಸ ಒಂದು ಮಗುವಿನ ಅರ್ಜಿಗೆ ಬಿತ್ತು.

ಮುಂದಿನ ಸಲ ಅಂಥ ಅರ್ಜಿಗೂ ದಾರಿ ಕಿರಿದಾಗಿರಬಹುದು. ಇಂಗ್ಲೆಂಡಿನಲ್ಲಿ ಸಮುದಾಯ ನಡೆಸುವ ಗ್ರಂಥಾಲಯ ಕೌನ್ಸಿಲ್ಲಿನ ಕಡ್ಡಾಯ ಸೇವೆಯ ಲೆಕ್ಕದೊಳಗೆ ಬರುತ್ತದೋ ಇಲ್ಲವೋ ಎಂಬುದನ್ನು ಆಯಾ ಕೌನ್ಸಿಲ್ಲೇ ತೀರ್ಮಾನಿಸುತ್ತದೆ. ಲೆಕ್ಕದಿಂದ ಹೊರಗಿಟ್ಟ ಒಂದು ಗ್ರಂಥಾಲಯ ಸ್ವಯಂಸೇವಕರು ಸಿಗದೆ ಯಾವುದೋ ಒಂದು ವರ್ಷ ಬಾಗಿಲು ಹಾಕಿದರೆ, ಕಾಗದದ ಪ್ರಕಾರ ಯಾವ ಕೌನ್ಸಿಲ್ಲೂ ಯಾವ ನಿರ್ಧಾರವನ್ನೂ ತೆಗೆದುಕೊಂಡಿರುವುದಿಲ್ಲ. ಕೋರ್ಟಿನಲ್ಲಿ ಪ್ರಶ್ನಿಸಲು ಏನೂ ಇರುವುದಿಲ್ಲ.